ದೂರದಿಂದ ಬಂದ ಚಿತ್ರ: ಹದಿಹರೆಯ, ಮಾನ ಮತ್ತು ಶಾಲೆ

(ಕಿಂಗ್ಸ್‌ಬರಿಯಲ್ಲಿ ನಡೆದ ಬಳಗದ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಈ ಸಭೆಗೆ ಬರುವ ಮುನ್ನ ನಾವು ಸಮೀಪದ ರೋ ಗ್ರೀನ್ ಉದ್ಯಾನದಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿ ಬಂದೆವು. ಅಲ್ಲಿ ಕಿಂಗ್ಸ್‌ಬರಿ ಮೇನರ್ ಎಂಬ ಹಳೆಯ ಮನೆಯೊಂದಿದೆ. ಮಕ್ಕಳನ್ನು ಆಟಕ್ಕೆ ಕರೆದೊಯ್ಯುವ ನಿಮ್ಮಲ್ಲಿ ಬಹಳ ಮಂದಿ ಅದನ್ನು ಕಂಡಿರುತ್ತೀರಿ. ದೂರದರ್ಶನದ ಜನಕರಲ್ಲಿ ಒಬ್ಬನೆಂದು ಹೆಸರಾದ ಜಾನ್ ಲೋಗಿ ಬೇರ್ಡ್, 1926ರ ಜನವರಿಯಲ್ಲಿ ಸೋಹೋ ಬಡಾವಣೆಯ ಫ್ರಿತ್ ಬೀದಿಯಲ್ಲಿ ತನ್ನ ಯಂತ್ರವನ್ನು ವಿದ್ವಾಂಸರಿಗೆ ತೋರಿಸಿದ ಮೇಲೆ, ತನ್ನ ಪ್ರಯೋಗಗಳ ಒಂದು ಭಾಗವನ್ನು ಈ ಮೇನರ್‌ನ ಆವರಣಕ್ಕೆ ತಂದನು. 1929ರಲ್ಲಿ ಬರ್ಲಿನ್ ನಗರದಿಂದ ಗಾಳಿಯಲ್ಲಿ ತೇಲಿಬಂದ ದೂರದರ್ಶನ ಸಂಕೇತಗಳನ್ನು ಇಲ್ಲಿಯೇ ಸ್ವೀಕರಿಸಲಾಯಿತು. ಕಿಂಗ್ಸ್‌ಬರಿಗೆ ರೈಲು ನಿಲ್ದಾಣ ಬಂದದ್ದು 1932ರಲ್ಲಿ. ಎಂದರೆ, ಈ ಊರಿಗೆ ರೈಲು ಬರುವ ಮೊದಲೇ ಪರದೇಶದ ಚಿತ್ರ ಬಂದಿತ್ತು.

ಅಂದು ಗಡಿ ದಾಟಿ ಬಂದ ಚಿತ್ರ ಲೋಕಕ್ಕೆ ಬೆರಗಾಗಿತ್ತು. ಇಂದು ಅದೇ ಬೆರಗು ನಮ್ಮ ಮಕ್ಕಳ ಅಂಗಿಯ ಜೇಬಿನಲ್ಲಿದೆ. ಶಿವಮೊಗ್ಗದ ಅಜ್ಜಿಯ ಮುಖವನ್ನು ಮೊಮ್ಮಗಳಿಗೆ ತೋರಿಸುವ ಪುಟ್ಟ ಯಂತ್ರವೇ ಅವಳನ್ನು ಅಳಿಸಬಲ್ಲ ಚಿತ್ರವನ್ನೂ ಹೊತ್ತು ತರುತ್ತದೆ. ಈ ಎರಡನೆಯ ಸಂಗತಿಯನ್ನು ಕುರಿತು, ಅದರ ಹಿಂದಿನ ಇತಿಹಾಸವನ್ನು ಕುರಿತು, ಹಾಗೂ ಶಾಲೆಯು ಮಾಡಬಹುದಾದ ಸಹಾಯವನ್ನು ಕುರಿತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಲು ಬಯಸುತ್ತೇವೆ. ಹಬ್ಬದ ಊಟದ ಮೊದಲು ಕೇಳಲು ಹಿತವಾದ ವಿಷಯವಿದಲ್ಲ ಎಂಬುದನ್ನು ಬಲ್ಲೆವು. ಆದರೆ ಹಿತವಲ್ಲವೆಂದು ನಾವು ಆಡದೆ ಉಳಿಸಿದ ಮಾತು, ಮಕ್ಕಳು ಒಂಟಿಯಾಗಿ ಹೊರಬೇಕಾದ ಹೊರೆಯಾಗುತ್ತದೆ.

2023ರ ನವೆಂಬರ್ ತಿಂಗಳಿನಲ್ಲಿ ನಡೆದುದನ್ನು ಮೊದಲು ನೆನೆಯೋಣ. ಯುವತಿಯೊಬ್ಬಳು ಲಿಫ್ಟಿನೊಳಗೆ ಕಾಲಿಡುವ ಕಿರುಚಿತ್ರವೊಂದು ಭಾರತದಾದ್ಯಂತ ಹರಡಿತು. ಮುಖ ಕೊಡಗಿನ ವಿರಾಜಪೇಟೆಯವರಾದ ಚಿತ್ರನಟಿ ರಶ್ಮಿಕಾ ಮಂದಣ್ಣ ಅವರದು, ದೇಹ ಬೇರೊಬ್ಬರದು. ಆ ಇನ್ನೊಬ್ಬರು ಬ್ರಿಟಿಷ್-ಭಾರತೀಯ ಯುವತಿ. ಕೃತಕ ಬುದ್ಧಿಮತ್ತೆಯ ಯಂತ್ರ ಒಬ್ಬಳ ದೇಹಕ್ಕೆ ಇನ್ನೊಬ್ಬಳ ಮುಖವನ್ನು ಅಂಟಿಸಿತ್ತು. ಡೀಪ್‌ಫೇಕ್ ಎಂಬ ಶಬ್ದ ನಮ್ಮ ಮನೆಗಳ ಮಾತಿನೊಳಗೆ ಬಂದದ್ದು ಆಗಲೇ. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರಪ್ರದೇಶದ ಯುವಕನೊಬ್ಬನನ್ನು ಬಂಧಿಸಿದರು. ಕೊಡಗಿನ ಒಬ್ಬ ಮಗಳು, ಬ್ರಿಟನ್ನಿನ ಒಬ್ಬ ಮಗಳು. ಇಬ್ಬರ ಒಪ್ಪಿಗೆಯನ್ನೂ ಯಾರೂ ಕೇಳಿರಲಿಲ್ಲ. ನಮ್ಮ ಎರಡೂ ದೇಶಗಳು ಒಂದೇ ಸುಳ್ಳು ಚಿತ್ರದಲ್ಲಿ ಹೀಗೆ ಕೂಡಿಕೊಂಡವು.

ಆಗ ರಶ್ಮಿಕಾ ಅವರು ಬರೆದ ಮಾತಿನ ಭಾವವನ್ನು ಗಮನಿಸಬೇಕು. ತಮ್ಮ ಬೆನ್ನಿಗೆ ಇಂದು ಕುಟುಂಬ, ಸ್ನೇಹಿತರು, ಹಿತೈಷಿಗಳು ಇದ್ದಾರೆ. ಇದೇ ಘಟನೆ ತಾವು ಶಾಲೆಯಲ್ಲೋ ಕಾಲೇಜಿನಲ್ಲೋ ಓದುತ್ತಿದ್ದಾಗ ನಡೆದಿದ್ದರೆ ಹೇಗೆ ಎದುರಿಸುತ್ತಿದ್ದೆನೆಂದು ಊಹಿಸಲೂ ಆಗದು, ಎಂಬುದು ಅವರ ಅಳಲಾಗಿತ್ತು. ಪ್ರಸಿದ್ಧಿ, ಹಣ, ವಕೀಲರ ನೆರವು ಎಲ್ಲವೂ ಇದ್ದವರ ಮನಸ್ಸು ತಟ್ಟನೆ ಹೋದದ್ದು ಶಾಲೆಯ ಹುಡುಗಿಯ ಕಡೆಗೆ. ನಮ್ಮ ಇಂದಿನ ಉಪನ್ಯಾಸವೂ ಆ ಹುಡುಗಿಯನ್ನು ಕುರಿತದ್ದೇ.

ಉಪಕರಣ ಹೊಸದು, ಅಪಚಾರ ಹಳೆಯದು. ಇಂಗ್ಲೆಂಡಿನ ಕಾನೂನುಗಳ ಚರಿತ್ರೆಯನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಂಚೆ ವ್ಯವಸ್ಥೆ ಮನೆಮನೆಗೆ ತಲುಪಿದಾಗ ಅಶ್ಲೀಲ ಬರಹ, ಚಿತ್ರಗಳೂ ಅದರ ಬೆನ್ನೇರಿ ಬಂದವು. 1884ರ ಅಂಚೆ ರಕ್ಷಣಾ ಕಾನೂನು ಅದನ್ನು ನಿಷೇಧಿಸಬೇಕಾಯಿತು. ದೂರವಾಣಿ ಬಂದಾಗ, ವಿನಿಮಯ ಕೇಂದ್ರಗಳಲ್ಲಿ ಕುಳಿತು ಕರೆಗಳನ್ನು ಜೋಡಿಸುತ್ತಿದ್ದ ಹೆಣ್ಣುಮಕ್ಕಳು ಮುಖ ಕಾಣದ ಗಂಡಸರ ಹೊಲಸು ಮಾತುಗಳನ್ನು ಕೇಳಬೇಕಾಯಿತು. ಅವರನ್ನು ಕಾಪಾಡುವ ಉದ್ದೇಶವೂ ಸೇರಿ 1935ರ ಅಂಚೆ ಕಚೇರಿ ತಿದ್ದುಪಡಿ ಕಾನೂನಿನಲ್ಲಿ, ದೂರವಾಣಿಯ ಮೂಲಕ ಅತಿ ಅವಮಾನಕರವಾದ, ಅಶ್ಲೀಲವಾದ ಅಥವಾ ಬೆದರಿಕೆಯ ಸಂದೇಶ ಕಳುಹಿಸುವುದು ಅಪರಾಧವೆಂದು ಬರೆಯಲಾಯಿತು. ಆ ವಾಕ್ಯವೇ 1953, 1969, 1984ರ ಕಾನೂನುಗಳನ್ನು ಹಾದು 2003ರ ಸಂಪರ್ಕ ಕಾನೂನಿನ 127ನೆಯ ಸೆಕ್ಷನ್ನಿಗೆ ಬಂದು ಸೇರಿತು. ಅಂತರಜಾಲದ ನಿಂದಕರನ್ನು ನ್ಯಾಯಾಲಯಕ್ಕೆ ಎಳೆದ ಕಾನೂನಿನ ಮುತ್ತಜ್ಜಿ, ತಲೆಗೆ ಕೇಳುಗೊಳವೆ ಕಟ್ಟಿಕೊಂಡು ಕುಳಿತಿದ್ದ ಆ ದೂರವಾಣಿ ಕೇಂದ್ರದ ಹುಡುಗಿ.

ಮುಂದಿನ ಕಥೆಯೂ ಇದೇ ಬಗೆಯದು. ಮಾತೇ ಆಡದೆ ಮತ್ತೆ ಮತ್ತೆ ಕರೆ ಮಾಡಿ ಹೆಂಗಸರನ್ನು ಹಿಂಸಿಸಿದ ಪ್ರಕರಣದಲ್ಲಿ 1997ರಲ್ಲಿ ಇಲ್ಲಿನ ಅತ್ಯುನ್ನತ ನ್ಯಾಯಪೀಠವು, ಮನಸ್ಸಿಗೆ ಆದ ಗಾಯವೂ ದೇಹಕ್ಕೆ ಆದ ಗಾಯದಂತೆಯೇ ದಂಡನಾರ್ಹವಾಗಬಹುದೆಂದು ತೀರ್ಪಿತ್ತಿತು. ಅದೇ ವರ್ಷ ಕಿರುಕುಳ ತಡೆ ಕಾನೂನು ಬಂದಿತು. ಹಿಂಬಾಲಿಸಿ ಕಾಡುವುದು ತನ್ನದೇ ಹೆಸರಿನ ಅಪರಾಧವಾಗಲು 2012ರ ತನಕ ಕಾಯಬೇಕಾಯಿತು. 2013ರಲ್ಲಿ ಕ್ಯಾರೊಲಿನ್ ಕ್ರಿಯಾಡೊ-ಪೆರೆಜ್ ಎಂಬ ಮಹಿಳೆ, ಬ್ಯಾಂಕ್ ನೋಟುಗಳ ಮೇಲೆ ಮಹಿಳೆಯ ಚಿತ್ರವಿರಲಿ ಎಂಬ ಚಳವಳಿ ನಡೆಸಿದ್ದಕ್ಕಾಗಿ ಟ್ವಿಟರ್‌ನಲ್ಲಿ ಅತ್ಯಾಚಾರದ, ಕೊಲೆಯ ಬೆದರಿಕೆಗಳನ್ನು ಎದುರಿಸಿದರು. 2014ರ ಜನವರಿಯಲ್ಲಿ ಇಬ್ಬರು ಸೆರೆಮನೆಗೆ ಹೋದರು. ಬೆದರಿಸಿದವರಲ್ಲಿ ಒಬ್ಬಳು ಹೆಂಗಸು ಎಂಬುದನ್ನೂ ಹೇಳಬೇಕು. ಈ ಹಿಂಸೆ ಗಂಡು ಹೆಣ್ಣಿನ ನಡುವಿನ ಜಗಳವೆಂದು ತಿಳಿಯಬಾರದು. ಹೆಣ್ಣಾದುದನ್ನೇ ನೆವಮಾಡಿ, ಅವಳ ದೇಹವನ್ನೂ ಮಾನವನ್ನೂ ಗುರಿಯಾಗಿಸಿ, ಅವಳು ಬಾಯಿ ಮುಚ್ಚುವಂತೆ ಮಾಡುವುದೇ ಲಿಂಗಾಧಾರಿತ ಹಿಂಸೆ. ಮಾಡುವ ಕೈ ಯಾರದ್ದೂ ಆಗಿರಬಹುದು.

ಖಾಸಗಿ ಚಿತ್ರವನ್ನು ಸೇಡಿಗಾಗಿ ಹಂಚುವುದು ಇಂಗ್ಲೆಂಡಿನಲ್ಲಿ ಪ್ರತ್ಯೇಕ ಅಪರಾಧವಾದದ್ದು 2015ರಲ್ಲಿ. ಹಂಚುತ್ತೇನೆಂದು ಹೆದರಿಸುವುದೂ ಅಪರಾಧವಾದದ್ದು 2021ರಲ್ಲಿ. ಜೀನಾ ಮಾರ್ಟಿನ್ ಎಂಬ ಯುವತಿ 2017ರಲ್ಲಿ ಹೈಡ್ ಪಾರ್ಕಿನ ಸಂಗೀತೋತ್ಸವದಲ್ಲಿದ್ದಾಗ ಒಬ್ಬನು ಆಕೆಯ ಲಂಗದ ಕೆಳಗಿನಿಂದ ಕದ್ದು ಚಿತ್ರ ತೆಗೆದನು. ಅದಕ್ಕೆ ಸರಿಯಾಗಿ ಹೊಂದುವ ಕಾನೂನೇ ಇರಲಿಲ್ಲ. ಆಕೆ ಸುಮ್ಮನಾಗಲಿಲ್ಲ. ಆಕೆಯ ಹೋರಾಟದಿಂದ 2019ರ ಏಪ್ರಿಲ್‌ನಲ್ಲಿ ಕಾನೂನು ಜಾರಿಯಾಯಿತು. ಬೇಡದ ನಗ್ನ ಚಿತ್ರವನ್ನು ಫೋನಿಗೆ ತಳ್ಳುವುದು 2023ರ ಆನ್‌ಲೈನ್ ಸುರಕ್ಷತಾ ಕಾನೂನಿನಿಂದ ಅಪರಾಧವಾಯಿತು. 2024ರ ಜನವರಿ 31ರಂದು ಅದು ಜಾರಿಗೆ ಬಂದಿತು. ಇನ್ನು ಹದಿನೆಂಟು ತುಂಬದ ಮಕ್ಕಳ ವಿಚಾರದಲ್ಲಿ 1978ರ ಮಕ್ಕಳ ರಕ್ಷಣಾ ಕಾನೂನಿದೆ. ಅದಕ್ಕೆ 1994ರಲ್ಲಿಯೇ ಕೃತಕವಾಗಿ ರಚಿಸಿದ ಹುಸಿ ಛಾಯಾಚಿತ್ರಗಳನ್ನೂ ಸೇರಿಸಲಾಗಿತ್ತು. ಆದುದರಿಂದ ಸಹಪಾಠಿಯ ಮುಖವನ್ನು ಅಸಭ್ಯ ಚಿತ್ರಕ್ಕೆ ಅಂಟಿಸಿ, ಇದು ಬರಿಯ ತಮಾಷೆ, ನಿಜವಾದ ಚಿತ್ರವೇ ಅಲ್ಲ ಎನ್ನುವ ಹುಡುಗನಿಗೆ ಕಾನೂನಿನ ಆಸರೆ ಇಲ್ಲ.

ನಮ್ಮ ನಾಡಿನ ಹಾದಿಯೂ ಇದಕ್ಕೆ ಸಮಾಂತರವಾದುದು. ಭಾರತದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು ಎಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ. 2000ದ ಮಾಹಿತಿ ತಂತ್ರಜ್ಞಾನ ಕಾನೂನಿಗೆ 2008ರಲ್ಲಿ ಆದ ತಿದ್ದುಪಡಿ ಖಾಸಗಿತನದ ಭಂಗವನ್ನು ಅಪರಾಧವಾಗಿಸಿತು. 2012ರಲ್ಲಿ ಮಕ್ಕಳ ರಕ್ಷಣೆಗಾಗಿ ಪೋಕ್ಸೋ ಕಾನೂನು, 2013ರಲ್ಲಿ ಅಂತರಜಾಲದಲ್ಲಿ ಹಿಂಬಾಲಿಸುವುದನ್ನೂ ಒಳಗೊಂಡ ದಂಡಸಂಹಿತೆಯ ತಿದ್ದುಪಡಿ ಬಂದವು.

ಈ ವರ್ಷಗಳ ಪಟ್ಟಿಯನ್ನು ಹೇಳಿದ್ದಕ್ಕೆ ಕಾರಣವಿದೆ. ಪ್ರತಿಯೊಂದು ಕಾನೂನಿನ ಹಿಂದೆಯೂ, ಅದು ಬರುವ ಮುನ್ನ, ಇದರಲ್ಲಿ ಏನೂ ಮಾಡುವಂತಿಲ್ಲ ಎಂಬ ಉತ್ತರ ಕೇಳಿಸಿಕೊಂಡು ಬಂದ ಹೆಣ್ಣುಮಕ್ಕಳು ಇದ್ದಾರೆ. ಕಾನೂನು ಎಂದಿಗೂ ಯಂತ್ರಕ್ಕಿಂತ ಹಿಂದೆ ಕುಂಟುತ್ತ ಬರುತ್ತದೆ. ಅದು ಬಂದದ್ದು ಯಾರೋ ಒಬ್ಬರು ಬಾಯಿಬಿಟ್ಟು ಹೇಳಿದ್ದರಿಂದ, ಮತ್ತು ಯಾರೋ ಒಬ್ಬರು ಕಿವಿಗೊಟ್ಟು ಕೇಳಿದ್ದರಿಂದ. ಇವೆರಡರಲ್ಲಿ ಒಂದು ಇಲ್ಲವಾದರೂ ಕಥೆ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಅದು ನಿಲ್ಲುವುದು ಎಲ್ಲಿ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮಗೆ ಪರಿಚಿತವಾದ ಒಂದು ಕನ್ನಡ ಮನೆಯ ಹದಿನಾಲ್ಕರ ಹುಡುಗಿ, ಭಾನುವಾರದ ಕನ್ನಡ ತರಗತಿಗೂ ನೃತ್ಯಾಭ್ಯಾಸಕ್ಕೂ ಬರುವುದನ್ನು ಒಮ್ಮೆಲೇ ನಿಲ್ಲಿಸಿದಳು. ಈ ವಯಸ್ಸೇ ಹಾಗೆ, ಸ್ವಲ್ಪ ಗದರಿಸಿ ಕಳುಹಿಸಿ, ಎಂದು ಆಕೆಯ ತಂದೆತಾಯಿಗೆ ಸಲಹೆ ಕೊಟ್ಟವರು ನಾವೇ. ಅವರು ಗದರಿಸಿದರು. ಬಹಳ ವಾರಗಳ ಮೇಲೆ ತಿಳಿದುಬಂದದ್ದೇನೆಂದರೆ, ಸಹಪಾಠಿಯೊಬ್ಬನು ಅವಳ ಮುಖವನ್ನು ಬೇರೊಂದು ಚಿತ್ರಕ್ಕೆ ಸೇರಿಸಿ ಹಂಚಿದ್ದನು. ಆ ಚಿತ್ರವನ್ನು ಕಂಡಿದ್ದ ಇಬ್ಬರು ಮಕ್ಕಳು ನಮ್ಮ ಕನ್ನಡ ತರಗತಿಯಲ್ಲಿಯೇ ಇದ್ದರು. ಅವಳು ಮೊದಲು ಹೇಳಿದ್ದು ತಾಯಿಗಲ್ಲ, ನಮಗಲ್ಲ. ಶಾಲೆಯ ಒಬ್ಬ ಶಿಕ್ಷಕಿಗೆ. ಮನೆಯಲ್ಲಿ ಏಕೆ ಹೇಳಲಿಲ್ಲವೆಂದು ಕೇಳಿದಾಗ ಅವಳು ಕೊಟ್ಟ ಉತ್ತರ ಇಷ್ಟೇ: ಹೇಳಿದ್ದರೆ ಫೋನ್ ಕಿತ್ತುಕೊಳ್ಳುತ್ತಿದ್ದಿರಿ, ಊರಿನಲ್ಲಿ ಗೊತ್ತಾದರೆ ಮಾನ ಹೋಗುತ್ತದೆ ಎನ್ನುತ್ತಿದ್ದಿರಿ. ಆ ಮಗುವಿನ ಮುಂದೆ ನಾವು ಹಿರಿಯರೆಲ್ಲ ತಲೆ ತಗ್ಗಿಸಿದೆವು.

ಮಾನ ಎಂಬುದು ನಮ್ಮ ಭಾಷೆಯ ದೊಡ್ಡ ಶಬ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಕಲಿತು ಬೆಳೆದವರು ನಾವು. ಆಡುವ ನಾಲಿಗೆಗೆ ಎಚ್ಚರ ಹೇಳಿದ ಆ ಗಾದೆಯ ಭಾರವನ್ನು, ಯಾರ ಬಗ್ಗೆ ಆಡಲಾಯಿತೋ ಅವಳ ತಲೆಗೆ ನಾವು ಕಟ್ಟಿದ್ದೇವೆ. ಕಳ್ಳತನವಾದ ಮನೆಯವರ ಮಾನ ಹೋಯಿತೆಂದು ಯಾರೂ ಹೇಳುವುದಿಲ್ಲ, ಕಳ್ಳನ ಮಾನ ಹೋಯಿತೆನ್ನುತ್ತೇವೆ. ಚಿತ್ರ ಕದ್ದವನ ವಿಷಯದಲ್ಲಿ ಮಾತ್ರ ಈ ಲೆಕ್ಕ ಏಕೆ ತಲೆಕೆಳಗಾಗಬೇಕು? ಬೆದರಿಸುವವನ ಕೈಯಲ್ಲಿರುವ ಆಯುಧ ಆ ಚಿತ್ರವಲ್ಲ, ಮನೆಯವರಿಗೆ ತಿಳಿದೀತೆಂಬ ಹುಡುಗಿಯ ಭಯ. ಆ ಭಯವನ್ನು ಅವನಿಗೆ ಒದಗಿಸಿಕೊಟ್ಟವರು ನಾವು.

ಈಗ ಶಾಲೆಯ ವಿಚಾರ. 2016ರಲ್ಲಿ ಬ್ರಿಟಿಷ್ ಸಂಸತ್ತಿನ ಮಹಿಳಾ ಮತ್ತು ಸಮಾನತಾ ಸಮಿತಿಯು ಶಾಲೆಗಳಲ್ಲಿ ನಡೆಯುವ ಲೈಂಗಿಕ ಕಿರುಕುಳವನ್ನು ಕುರಿತು ವರದಿ ನೀಡಿತು. 2020ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ ಸಂಬಂಧಗಳು ಮತ್ತು ಲೈಂಗಿಕ ಶಿಕ್ಷಣ ಕಡ್ಡಾಯವಾಯಿತು. ಅದೇ 2020ರಲ್ಲಿ ಸೋಮಾ ಸಾರಾ ಎಂಬ ಯುವತಿ ಆರಂಭಿಸಿದ ಎವ್ರಿವನ್ಸ್ ಇನ್ವೈಟೆಡ್ ಎಂಬ ವೇದಿಕೆಯಲ್ಲಿ, 2021ರ ಮಾರ್ಚ್ ವೇಳೆಗೆ ಸಾವಿರಾರು ವಿದ್ಯಾರ್ಥಿಗಳು ಹೆಸರು ಹೇಳದೆ ತಮ್ಮ ಅನುಭವಗಳನ್ನು ಬರೆದರು. ಸರ್ಕಾರ ಶಾಲಾ ಪರೀಕ್ಷಣಾ ಸಂಸ್ಥೆಯಾದ ಆಫ್‌ಸ್ಟೆಡ್‌ಗೆ ತನಿಖೆಯನ್ನು ಒಪ್ಪಿಸಿತು. ಆಫ್‌ಸ್ಟೆಡ್ 32 ಶಾಲೆ ಕಾಲೇಜುಗಳಿಗೆ ಹೋಗಿ, 900ಕ್ಕೂ ಹೆಚ್ಚು ಮಕ್ಕಳೊಡನೆ ಮಾತನಾಡಿ, 2021ರ ಜೂನ್‌ನಲ್ಲಿ ವರದಿಯನ್ನು ಪ್ರಕಟಿಸಿತು. ನೋಡಲು ಇಷ್ಟವಿಲ್ಲದ ಅಶ್ಲೀಲ ಚಿತ್ರಗಳು ತಮಗೋ ತಮ್ಮ ಗೆಳೆಯರಿಗೋ ಬಹಳ ಸಲ ಅಥವಾ ಆಗಾಗ ಬರುತ್ತವೆ ಎಂದು ಹೇಳಿದವರು, ಪ್ರಶ್ನಾವಳಿಗೆ ಉತ್ತರಿಸಿದ ಹುಡುಗಿಯರಲ್ಲಿ ಶೇಕಡ 90ರ ಸಮೀಪ, ಹುಡುಗರಲ್ಲಿ ಶೇಕಡ 50ರ ಸಮೀಪ.

ಆ ವರದಿಯಲ್ಲಿ ಅಂಕಿಗಳಿಗಿಂತ ಹೆಚ್ಚಾಗಿ ನಮ್ಮನ್ನು ಕಾಡಿದ ಸಂಗತಿ ಬೇರೊಂದಿದೆ. ಇದು ಎಷ್ಟು ಸಾಮಾನ್ಯವಾಗಿದೆಯೆಂದರೆ ಹೇಳಿ ಪ್ರಯೋಜನವಿಲ್ಲ ಎಂದು ಮಕ್ಕಳು ಭಾವಿಸಿದ್ದರು. ನಂಬುವುದಿಲ್ಲ, ತಪ್ಪು ನಮ್ಮದೇ ಎನ್ನುತ್ತಾರೆ, ಗೆಳೆಯರು ದೂರ ಮಾಡುತ್ತಾರೆ, ಒಮ್ಮೆ ಹೇಳಿದರೆ ಮುಂದಿನದೆಲ್ಲ ನಮ್ಮ ಕೈ ಮೀರುತ್ತದೆ ಎಂಬ ಅಂಜಿಕೆಗಳು ಅವರಲ್ಲಿದ್ದವು. ಶಿಕ್ಷಕರಾದರೋ ಸಮಸ್ಯೆಯ ಗಾತ್ರವನ್ನು ಕಡಿಮೆಯಾಗಿ ಎಣಿಸಿದ್ದರು. ಆದುದರಿಂದ, ಯಾವ ದೂರೂ ಬಾರದಿದ್ದರೂ ತಮ್ಮಲ್ಲಿ ಇದು ನಡೆಯುತ್ತಿದೆಯೆಂದೇ ಭಾವಿಸಿ ಶಾಲೆಗಳು ನಡೆದುಕೊಳ್ಳಬೇಕು ಎಂಬುದು ವರದಿಯ ಸಾರ. ಈ ಮಾತು ನಮ್ಮ ಕನ್ನಡ ತರಗತಿಗಳಿಗೂ, ನಮ್ಮ ಬಳಗಕ್ಕೂ ಅಷ್ಟೇ ಅನ್ವಯಿಸುತ್ತದೆ.

ಶಾಲೆ ಮಾಡಬಹುದಾದುದೇನು? ಮೊದಲನೆಯದು, ಘಟನೆ ನಡೆಯುವ ಮುನ್ನ ಅದಕ್ಕೆ ಹೆಸರು ಕೊಡುವುದು. ತನಗೆ ಆದುದಕ್ಕೆ ಒಂದು ಹೆಸರಿದೆ, ಅದು ತಪ್ಪೆಂದು ಬರೆದ ಕಾನೂನಿದೆ ಎಂದು ತಿಳಿದ ಮಗುವಿಗೆ ಹೇಳುವ ಧೈರ್ಯ ಬರುತ್ತದೆ. ಎರಡನೆಯದು, ಯಾರಿಗೆ ಹೇಳಬೇಕೆಂಬುದು ಪ್ರತಿ ಮಗುವಿಗೂ ಗೊತ್ತಿರುವುದು. ಇಲ್ಲಿನ ಪ್ರತಿ ಶಾಲೆಯಲ್ಲಿಯೂ ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಒಬ್ಬ ಹಿರಿಯ ಸಿಬ್ಬಂದಿ ಇರಲೇಬೇಕೆಂಬ ನಿಯಮವಿದೆ. ಅವರ ಹೆಸರು ನಿಮಗೆ ಗೊತ್ತೇ? ಮೂರನೆಯದು, ಹೇಳಿದ ಮಗುವಿನೊಡನೆ ನಡೆದುಕೊಳ್ಳುವ ರೀತಿ. ಶಿಕ್ಷಕರು ಅಂಥ ಚಿತ್ರವನ್ನು ನೋಡಬಾರದು, ನಕಲು ಮಾಡಬಾರದು, ಇನ್ನೊಬ್ಬರಿಗೆ ಕಳುಹಿಸಬಾರದು, ಮಗುವನ್ನು ದೂಷಿಸಬಾರದು ಎಂದು ಶಾಲೆಗಳಿಗೆ ಕೊಟ್ಟಿರುವ ಮಾರ್ಗಸೂಚಿ ಹೇಳುತ್ತದೆ. ಗಾಬರಿಯಲ್ಲಿ ಚಿತ್ರವನ್ನು ಬಂಧುಗಳಿಗೆ ಕಳುಹಿಸಿ ಏನು ಮಾಡೋಣ ಎಂದು ಕೇಳುವ ತಂದೆತಾಯಿಗೂ ಈ ನಿಯಮ ಸಲ್ಲುತ್ತದೆ. ಅದೂ ಕಾನೂನಿನ ಕಣ್ಣಿನಲ್ಲಿ ಹಂಚುವುದೇ.

ನಾಲ್ಕನೆಯದು, ಪಾಠ ಹುಡುಗಿಯರಿಗೆ ಮಾತ್ರ ಮೀಸಲಾಗದಿರುವುದು. ಎಚ್ಚರವಾಗಿರು ಎಂದು ಅವಳೊಬ್ಬಳಿಗೇ ಹೇಳಿದರೆ, ಉಳಿದವರಿಗೆ ಏನನ್ನೂ ಹೇಳಿದಂತಾಗಲಿಲ್ಲ. ಒಬ್ಬನು ಮಾಡಿದ ಚಿತ್ರ ತರಗತಿಯೆಲ್ಲ ಸುತ್ತಬೇಕಾದರೆ ಮೂವತ್ತು ಬೆರಳುಗಳು ಬೇಕು. ಮುಂದಕ್ಕೆ ಕಳುಹಿಸದೆ ನಿಂತ ಒಂದು ಬೆರಳೂ ಉಪಕಾರಿ, ಇದು ಸರಿಯಲ್ಲ ಎಂದ ಒಬ್ಬ ಹುಡುಗನಂತೂ ಮಹೋಪಕಾರಿ. ಹುಡುಗರಿಗೂ ರಕ್ಷಣೆ ಬೇಕು. ಚಿತ್ರ ಪಡೆದು ಹಣಕ್ಕಾಗಿ ಬೆದರಿಸುವ ಜಾಲಗಳ ಬಗ್ಗೆ 2024ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಅಪರಾಧ ಸಂಸ್ಥೆ ಶಿಕ್ಷಕರಿಗೆ ಎಚ್ಚರಿಕೆ ಕಳುಹಿಸಿದಾಗ, ಬಲಿಯಾದವರಲ್ಲಿ 14ರಿಂದ 18ರ ಹುಡುಗರು ಬಹಳವಾಗಿದ್ದಾರೆಂದು ತಿಳಿಸಿತ್ತು. ಗಂಡುಮಗ ಅಳಬಾರದು ಎಂದು ಕಲಿತ ಹುಡುಗನಿಗೆ ಹೇಳುವುದು ಇನ್ನೂ ಕಷ್ಟ.

ಪೊಲೀಸರಿಗೆ ತಿಳಿದರೆ ಮಗುವೇ ಅಪರಾಧಿಯಾಗುವುದೋ ಎಂಬ ಭಯ ಹಲವರಲ್ಲಿದೆ. ಹದಿನೆಂಟರೊಳಗಿನವರ ಅಂಥ ಚಿತ್ರ, ತಾನೇ ತೆಗೆದುಕೊಂಡದ್ದಾದರೂ, ಕಾನೂನಿಗೆ ವಿರುದ್ಧವೆಂಬುದು ನಿಜ. ಆದರೆ ಮಕ್ಕಳನ್ನು ದಂಡಿಸುವುದು ಸಾರ್ವಜನಿಕ ಹಿತವಲ್ಲದ ಕಡೆ, ಘಟನೆಯನ್ನು ದಾಖಲಿಸಿ ಮುಂದಿನ ಕ್ರಮವಿಲ್ಲದೆ ಮುಗಿಸುವ ಅವಕಾಶವನ್ನು 2016ರಲ್ಲಿ ಪೊಲೀಸರಿಗೆ ಕಲ್ಪಿಸಲಾಗಿದೆ. ಚಿತ್ರ ಹಬ್ಬಿದಾಗ ನೆರವಿಗೆ ರಿಪೋರ್ಟ್ ರಿಮೂವ್ ಎಂಬ ಸೇವೆ ಇದೆ. 1986ರಲ್ಲಿ ಆರಂಭವಾದ ಚೈಲ್ಡ್‌ಲೈನ್ ಮತ್ತು 1996ರಲ್ಲಿ ಆರಂಭವಾದ ಇಂಟರ್‌ನೆಟ್ ವಾಚ್ ಫೌಂಡೇಶನ್ ಕೂಡಿ 2021ರಲ್ಲಿ ಇದನ್ನು ತೆರೆದವು. ಮಗು ತಾನೇ ಚಿತ್ರವನ್ನು ವರದಿ ಮಾಡಬಹುದು. ಚಿತ್ರಕ್ಕೆ ಬೆರಳಚ್ಚಿನಂತಹ ಒಂದು ಗುರುತುಸಂಖ್ಯೆ ಸಿದ್ಧವಾಗಿ, ಅದರ ಸಹಾಯದಿಂದ ಕಂಪನಿಗಳು ಆ ಚಿತ್ರವನ್ನು ತೆಗೆದುಹಾಕಲು, ಮತ್ತೆ ಬಾರದಂತೆ ತಡೆಯಲು ಸಾಧ್ಯವಾಗುತ್ತದೆ. ಚೈಲ್ಡ್‌ಲೈನ್‌ನ ದೂರವಾಣಿ 0800 1111, ಕರೆಗೆ ಹಣವಿಲ್ಲ. ಊರಿನಲ್ಲಿರುವ ನಮ್ಮ ಅಣ್ಣತಮ್ಮಂದಿರ ಮಕ್ಕಳಿಗಾಗಿ 1098 ಎಂಬ ಮಕ್ಕಳ ಸಹಾಯವಾಣಿ ಇದೆ, ಸೈಬರ್ ಅಪರಾಧಗಳಿಗಾಗಿ 1930 ಇದೆ.

ಕಡೆಯದಾಗಿ ಫೋನ್ ಕಿತ್ತುಕೊಳ್ಳುವ ವಿಚಾರ. 1881ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿಯವರ ಶಾಲೆ ಆರಂಭವಾದ ಕಾಲದಲ್ಲಿ, ಅಕ್ಷರ ಕಲಿತ ಹುಡುಗಿ ಕಾಗದ ಬರೆದು ಕೆಟ್ಟುಹೋದಾಳೆಂಬ ಅಂಜಿಕೆ ನಮ್ಮ ಸಮಾಜದಲ್ಲಿ ಸಾಮಾನ್ಯವಾಗಿತ್ತು. ಅಂದಿನ ಹಿರಿಯರೆಲ್ಲ ಆ ಅಂಜಿಕೆಗೆ ಮಣಿದು ಸ್ಲೇಟು ಕಿತ್ತುಕೊಂಡಿದ್ದರೆ, ಇಂದು ಈ ಸಭೆಯಲ್ಲಿ ಕುಳಿತಿರುವ ವೈದ್ಯೆಯರೂ ಎಂಜಿನಿಯರರೂ ಶಿಕ್ಷಕಿಯರೂ ಇರುತ್ತಿರಲಿಲ್ಲ. ಚಿಕ್ಕವರ ಫೋನಿಗೆ ಹೊತ್ತು, ಮಿತಿ ಇರಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಕಷ್ಟ ಹೇಳಿಕೊಂಡ ದಿನವೇ ಅದನ್ನು ಕಿತ್ತುಕೊಂಡರೆ, ಹೇಳಿದ್ದಕ್ಕೇ ಶಿಕ್ಷೆಯಾಯಿತೆಂದು ಮಗು ಕಲಿಯುತ್ತದೆ, ಎರಡನೆಯ ಸಲ ಹೇಳುವುದಿಲ್ಲ.

ಆದುದರಿಂದ ನಮ್ಮ ವಿನಂತಿ ಒಂದೇ. ಮಗು ಬಂದು ಹೇಳಿದಾಗ ನಮ್ಮ ಬಾಯಿಂದ ಹೊರಡುವ ಮೊದಲ ವಾಕ್ಯವನ್ನು ಇಂದೇ ಸಿದ್ಧಪಡಿಸಿಕೊಳ್ಳೋಣ. ನೀನೇಕೆ ಹಾಗೆ ಮಾಡಿದೆ ಎಂಬುದು ಆ ವಾಕ್ಯವಾಗದಿರಲಿ. ಹೇಳಿದ್ದು ಒಳ್ಳೆಯದಾಯಿತು ಮಗಳೇ, ಹೇಳಿದ್ದು ಒಳ್ಳೆಯದಾಯಿತು ಮಗನೇ, ನಾವಿದ್ದೇವೆ, ಎಂಬುದಾಗಿರಲಿ. ಹಿಂದಿನ ಸಾಲಿನ ಕಿರಿಯ ಮಿತ್ರರು ಅದನ್ನು ಕನ್ನಡದಲ್ಲಿಯೇ ಕೇಳಲಿ. ಗದರಿಕೆಗೆ ಮಾತ್ರ ಬಳಕೆಯಾದ ಭಾಷೆಯನ್ನು ಯಾವ ಮಗುವೂ ಮುಂದಿನ ತಲೆಮಾರಿಗೆ ಒಯ್ಯುವುದಿಲ್ಲ.